ಕಟ್ಟಳೆ, ಆಚಾರ, ಸದಾಚಾರ: ‘ತಲೆದಂಡ’ ನಾಟಕವನ್ನು ಕುರಿತು ಒಂದು ವಿಚಾರ



ಕಲ್ಯಾಣದ ಕಥೆಯನ್ನು ಕೇಳದವರು ನಿಮ್ಮಲ್ಲಿ ಯಾರೂ ಇರಲಾರರು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾದದ್ದು, ಅದನ್ನು ಸಹಿಸದ ಅರಸೊತ್ತಿಗೆ ಆ ಇಬ್ಬರು ತಂದೆಯರನ್ನು ಎಳೆಹೂಟೆಗೆ ಗುರಿಮಾಡಿದ್ದು, ಕಲ್ಯಾಣ ಹೊತ್ತಿ ಉರಿದದ್ದು, ಶರಣರು ದಿಕ್ಕುದಿಕ್ಕಿಗೆ ಚದುರಿಹೋದದ್ದು, ಇಷ್ಟನ್ನು ಶ್ರೀಮಠದ ಶಾಲೆಯಲ್ಲಿ ಓದಿದ ಹುಡುಗನೂ ಒಂದೇ ಉಸಿರಿಗೆ ಹೇಳಬಲ್ಲನು. ಕಥೆ ಮುಗಿಯುವ ಹೊತ್ತಿಗೆ ನಮ್ಮ ಕಣ್ಣು ತೇವವಾಗಿರುತ್ತದೆ. ನಾವು ಶರಣರ ಕಡೆಯವರು ಎಂಬ ಸಮಾಧಾನದಿಂದ ಮನೆಗೆ ಮರಳುತ್ತೇವೆ. ಈ ಸಮಾಧಾನದ ವಿಷಯವಾಗಿಯೇ ನನಗೆ ಬಹಳ ಕಾಲದಿಂದ ಒಂದು ಸಂಶಯವಿದೆ. ಗಿರೀಶ ಕಾರ್ನಾಡರ ‘ತಲೆದಂಡ’ ನಾಟಕವನ್ನು ಆಧಾರವಾಗಿಟ್ಟುಕೊಂಡು ಆ ಸಂಶಯವನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಕಲ್ಯಾಣದ ವಸ್ತು ಕನ್ನಡ ನಾಟಕಕಾರರನ್ನು ಬಿಡದೆ ಕಾಡಿದೆ. ಪಿ. ಲಂಕೇಶರ ‘ಸಂಕ್ರಾಂತಿ’ 1971ರಲ್ಲಿ ಬಂದಿತು, ಎಚ್. ಎಸ್. ಶಿವಪ್ರಕಾಶರ ‘ಮಹಾಚೈತ್ರ’ 1986ರಲ್ಲಿ. ‘ತಲೆದಂಡ’ವು 1990ರಲ್ಲಿ ಪ್ರಕಟವಾಗಿ, 1994ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನವನ್ನು ಪಡೆಯಿತು. ಮಂದಿರ ಮತ್ತು ಮಂಡಲ ಚಳವಳಿಗಳು ದೇಶವನ್ನು ಕಲಕುತ್ತಿದ್ದ ಕಾಲದಲ್ಲಿ ತಾವು ಇದನ್ನು ಬರೆದುದಾಗಿ ಕಾರ್ನಾಡರೇ ಹೇಳಿಕೊಂಡಿದ್ದಾರೆ. ಮದುವೆಯ ವಿವರಗಳು ನಮಗೆ ಬಹುಮಟ್ಟಿಗೆ ಆಮೇಲಿನ ಕಾವ್ಯ ಪುರಾಣಗಳಿಂದ ದೊರೆತವುಗಳಾದ್ದರಿಂದ ನಾಟಕಕಾರನು ಅವುಗಳಲ್ಲಿ ಸ್ವಲ್ಪ ಸ್ವಾತಂತ್ರ್ಯ ವಹಿಸಿದರೆ ನಾವು ಕೋಪಿಸಿಕೊಳ್ಳಬೇಕಾದ್ದಿಲ್ಲ.

ಕಾರ್ನಾಡರು ವಹಿಸಿದ ಒಂದು ಮುಖ್ಯ ಸ್ವಾತಂತ್ರ್ಯವನ್ನು ಮಾತ್ರ ಗಮನಿಸಬೇಕು. ನಾವು ಕೇಳಿಬಂದ ಕಥೆಯಲ್ಲಿ ಶಿಕ್ಷೆ ವಿಧಿಸುವವನು ಬಿಜ್ಜಳನೇ. ನಾಟಕದಲ್ಲಾದರೋ ಬಿಜ್ಜಳನು ಬಸವಣ್ಣನವರ ಮೇಲೆ ಸಿಡುಕಿದರೂ ಒಳಗೊಳಗೆ ಅವರ ಮೇಲೆ ಅಭಿಮಾನವುಳ್ಳವನು. ಮಗ ಸೋವಿದೇವನೂ ಪುರೋಹಿತ ದಾಮೋದರ ಭಟ್ಟನೂ ಕೂಡಿ ಅವನನ್ನೇ ಸೆರೆಯಲ್ಲಿಟ್ಟ ಮೇಲೆ ಹರಳಯ್ಯ ಮಧುವರಸರಿಗೆ ಆ ಘೋರ ಶಿಕ್ಷೆ ಒದಗುತ್ತದೆ. ಇದು ಸಣ್ಣ ಬದಲಾವಣೆಯಲ್ಲ. ಅರಸನ ಕಟ್ಟಳೆ ಒಂದು ದಿನ ಶರಣರಿಗೆ ನೆರಳಾಗಿತ್ತು, ಮರುದಿನ ಅದೇ ಕಟ್ಟಳೆ ಅವರ ಕಣ್ಣು ಕೀಳಿಸಿತು ಎಂದು ಇದರಿಂದ ತಿಳಿಯುತ್ತದೆ. ಕಟ್ಟಳೆಯು ಸಿಂಹಾಸನದ ಮೇಲೆ ಕುಳಿತವನ ಜೊತೆಗೆ ಪಕ್ಷ ಬದಲಿಸಬಲ್ಲುದು. ಪಕ್ಷ ಬದಲಿಸದೆ ಮೊದಲಿನಿಂದ ಕೊನೆಯವರೆಗೆ ಒಂದೇ ಕಡೆ ನಿಂತದ್ದು ಯಾವುದು? ಊರಿನ ವಾಡಿಕೆ.

ಆ ವಾಡಿಕೆಯನ್ನು ಕಾರ್ನಾಡರು ಅರಮನೆಯಲ್ಲಿ ಹುಡುಕಲಿಲ್ಲ, ಮನೆಯ ಹೊಸ್ತಿಲಲ್ಲಿ ಹುಡುಕಿದರು ಎಂಬುದು ಈ ನಾಟಕದ ದೊಡ್ಡ ಗುಣ. ಮೊದಲ ದೃಶ್ಯವನ್ನೇ ನೋಡಿ. ಬ್ರಾಹ್ಮಣ ಕುಲದಲ್ಲಿ ಹುಟ್ಟಿ ಶರಣನಾದ ಜಗದೇವನು, ಚರ್ಮ ಹದಮಾಡುವವರ ಮಗನಾದ ಗೆಳೆಯ ಮಲ್ಲಿಬೊಮ್ಮನನ್ನು ಕರೆದುಕೊಂಡು ಅಗ್ರಹಾರದ ತನ್ನ ಮನೆಗೆ ಬರುತ್ತಾನೆ. ಒಳಗೆ ತಂದೆ ಮರಣಶಯ್ಯೆಯಲ್ಲಿದ್ದಾನೆ. ಮಲ್ಲಿಬೊಮ್ಮನಿಗೆ ಒಳಗೆ ಕಾಲಿಡಲು ಅಂಜಿಕೆ. ಜಗದೇವನಿಗೆ ಅವನನ್ನು ಒಳಗೆ ಕರೆದೊಯ್ದೇ ತೀರಬೇಕೆಂಬ ಹಟ. ಸಭಾಂಗಣದಲ್ಲಿ ಕುಳಿತ ನಾವು ಜಗದೇವನ ಧೈರ್ಯಕ್ಕೆ ಚಪ್ಪಾಳೆ ತಟ್ಟುತ್ತೇವೆ. ಆದರೆ ಮಲ್ಲಿಬೊಮ್ಮನ ಮನಸ್ಸನ್ನು ಅಲ್ಲಿ ಯಾರು ಕೇಳಿದರು? ಜಗದೇವನು ಆಚಾರವನ್ನು ಮುರಿದು ಶರಣರಲ್ಲಿ ದೊಡ್ಡವನಾಗುತ್ತಾನೆ. ಮುರಿದುದಕ್ಕೆ ಬೆಲೆ ತೆರಬೇಕಾಗಿ ಬಂದರೆ ಕೇರಿಯ ಜನ ಮೊದಲು ಹಿಡಿಯುವುದು ಮಲ್ಲಿಬೊಮ್ಮನ ಕುತ್ತಿಗೆಯನ್ನೇ. ಅವನ ಅಂಜಿಕೆಯಲ್ಲಿ ಹೇಡಿತನವಿಲ್ಲ. ಲೋಕವನ್ನು ಬಲ್ಲವನ ಎಚ್ಚರವಿದೆ.

ಎರಡನೆಯದು ಮದುವೆಯ ಮಾತುಕತೆಯ ಸಂದರ್ಭ. ಎರಡು ಮನೆಯವರೂ ಲಿಂಗವಂತರು, ಎರಡು ಮನೆಯವರೂ ಒಪ್ಪಿದವರು. ಬಸವಣ್ಣನವರೇ ಒಂದು ಕ್ಷಣ ಹಿಂಜರಿಯುತ್ತಾರೆ. ಸನಾತನಿಗಳು ಇದನ್ನು ವರ್ಣಾಶ್ರಮದ ಬೇರಿಗೆ ಬಿದ್ದ ಏಟೆಂದು ತಿಳಿದು ಮುಯ್ಯಿ ತೀರಿಸುವರೆಂಬುದು ಅವರಿಗೆ ಕಾಣುತ್ತದೆ. ಹುಡುಗಿಯ ತಾಯಿಗೆ ಅರಮನೆಯ ಭಯ ಅಷ್ಟಿಲ್ಲ. ಆಕೆಯನ್ನು ಕಾಡುವುದು ತೊಗಲಿನ ವಾಸನೆ. ಹೆತ್ತ ಮಗಳು ಆ ಮನೆಯಲ್ಲಿ ಸತ್ತ ದನದ ಚರ್ಮದ ನಡುವೆ ಹೇಗೆ ಬಾಳುವಳೋ ಎಂಬ ಸಂಕಟ. ಆಕೆ ಕೆಟ್ಟವಳಲ್ಲ, ಶರಣತತ್ತ್ವವನ್ನು ಅಲ್ಲಗಳೆದವಳೂ ಅಲ್ಲ. ಮನಸ್ಸು ಒಪ್ಪಿದ ಮಾತನ್ನು ಮೂಗು ಒಪ್ಪಲಿಲ್ಲ, ಅಷ್ಟೇ. ನನ್ನ ಎಣಿಕೆಯಲ್ಲಿ ಇಡೀ ನಾಟಕದ ಜೀವಾಳವಿರುವುದು ಈ ಮೂರು ನಾಲ್ಕು ಮಾತುಗಳಲ್ಲಿ.

ಎಷ್ಟೋ ವರ್ಷಗಳ ಹಿಂದೆ ನಮ್ಮ ಸೀಮೆಯ ಹವ್ಯಾಸಿ ತಂಡವೊಂದು ಈ ನಾಟಕವನ್ನು ಆಡಿದಾಗ ನಾನು ಹಂಗಳದಿಂದ ಗೆಳೆಯರೊಡನೆ ಹೋಗಿದ್ದೆ. ಸೋವಿದೇವನ ಅಬ್ಬರ ಚೆನ್ನಾಗಿತ್ತು. ದಾಮೋದರ ಭಟ್ಟನ ಪಾತ್ರಧಾರಿಗೆ ಸೀಟಿಗಳು ಬಿದ್ದವು. ತಾಯಿಯ ಮಾತುಗಳು ಮಾತ್ರ ಇರಲಿಲ್ಲ. ಆಟ ಮುಗಿದ ಮೇಲೆ ನಿರ್ದೇಶಕರನ್ನು ಕಂಡು ವಿಚಾರಿಸಿದೆ. “ಅದು ಹೆಂಗಸರ ಮಾತು, ಸ್ವಾಮಿ. ಆಟದ ಓಟಕ್ಕೆ ಅಡ್ಡ ಬರುತ್ತೆ ಅಂತ ತೆಗೆದೆವು” ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ರಾತ್ರಿ ಹನ್ನೆರಡಕ್ಕೆ ಕಡೆಯ ಬಸ್ಸು ತಪ್ಪುತ್ತದೆಂಬ ಚಿಂತೆ ಅವರಿಗೂ ಇದ್ದಿರಬೇಕು. ಆದರೆ ಆ ಮಾತುಗಳನ್ನು ತೆಗೆದ ಮೇಲೆ ಉಳಿದದ್ದು ಏನು? ಕೆಟ್ಟ ರಾಜಕುಮಾರ, ಕೆಟ್ಟ ಪುರೋಹಿತ, ಒಳ್ಳೆಯ ಶರಣರು. ಸಭಿಕರಲ್ಲಿ ರಾಜಕುಮಾರರೂ ಪುರೋಹಿತರೂ ಇರಲಿಲ್ಲವಾದ್ದರಿಂದ ಯಾರ ಮನಸ್ಸಿಗೂ ಮುಳ್ಳು ಚುಚ್ಚಲಿಲ್ಲ.

ಇಲ್ಲಿ ಕಾರ್ನಾಡರ ಮೇಲೂ ನನ್ನದೊಂದು ಆಕ್ಷೇಪಣೆಯಿದೆ. ತೊಗಲಿನ ವಾಸನೆಯ ಮಾತನ್ನು ಎತ್ತಿದವರು ಅದನ್ನು ಬೆಳೆಸಲಿಲ್ಲ. ನಾಟಕದ ಉತ್ತರಾರ್ಧವು ಅರಮನೆಯೊಳಗಿನ ಒಳಸಂಚಿನ ಕಡೆಗೆ ಓಡುತ್ತದೆ. ಹುಡುಗಿ ಆ ಮನೆಗೆ ಹೋಗಿ ಬಾಳುವುದಕ್ಕೆ ಮೊದಲೇ ಆನೆಗಳು ಬಂದುಬಿಡುತ್ತವೆ. ದುರಂತ ಅಷ್ಟು ಬೇಗ ಬಂದುದರಿಂದ, ದುರಂತ ಬಾರದೆ ಹೋಗಿದ್ದರೆ ಏನಾಗುತ್ತಿತ್ತೆಂಬ ಕಷ್ಟದ ಪ್ರಶ್ನೆಯಿಂದ ನಾಟಕವು ತಪ್ಪಿಸಿಕೊಂಡಿತು. ಇತಿಹಾಸವೇ ಹಾಗಿದ್ದಾಗ ನಾಟಕಕಾರನೇನು ಮಾಡಬೇಕೆಂದು ನೀವು ಕೇಳಬಹುದು, ಅದೂ ನ್ಯಾಯವೇ. ಆದರೂ ಆ ಪ್ರಶ್ನೆಯನ್ನು ನಾವು ಬಿಡುವಂತಿಲ್ಲ. ಏಕೆಂದರೆ ಇಂದು ನಮ್ಮ ನಾಡಿನಲ್ಲಿ ಆನೆಗಳಿಲ್ಲ, ಸೋವಿದೇವನಿಲ್ಲ. ಕಟ್ಟಳೆಯೆಲ್ಲ ಹರಳಯ್ಯನ ಕಡೆಗಿದೆ.

ಕೆಳಗಿನ ಜಾತಿಯ ವರ, ಮೇಲಿನ ಜಾತಿಯ ವಧು ಕೂಡಿದ ಮದುವೆಗೆ ಹಳೆಯ ಧರ್ಮಶಾಸ್ತ್ರದಲ್ಲಿ ಪ್ರತಿಲೋಮವೆಂದು ಹೆಸರು. ಬ್ರಿಟಿಷರ ಕಾಲದ ನ್ಯಾಯಾಲಯಗಳೂ ಅದನ್ನು ಸಾಮಾನ್ಯವಾಗಿ ಮಾನ್ಯಮಾಡಲಿಲ್ಲ. 1949ರ ಹಿಂದೂ ವಿವಾಹ ಸಿಂಧುತ್ವದ ಕಾಯಿದೆ ಬಂದಾಗ ಜಾತಿಭೇದದ ಕಾರಣದಿಂದ ಮದುವೆ ಅಸಿಂಧುವಾಗದು ಎಂದಾಯಿತು. ಶರಣರು ಮಾಡಿ ತಲೆಕೊಟ್ಟ ಕಾರ್ಯವನ್ನು ಕಾಯಿದೆಯು ಒಪ್ಪಿಕೊಳ್ಳಲು ಸುಮಾರು ಎಂಟು ನೂರು ವರ್ಷ ಹಿಡಿಯಿತು. ಅಲ್ಲಿಂದಾಚೆಗೆ ವೇಗವಾಗಿಯೇ ನಡೆಯಿತು. ಸಂವಿಧಾನದ 17ನೆಯ ಅನುಚ್ಛೇದ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. 15ನೆಯ ಅನುಚ್ಛೇದ ಸಾರ್ವಜನಿಕ ಬಾವಿ, ಕೆರೆ, ರಸ್ತೆಗಳನ್ನು ಎಲ್ಲರಿಗೂ ತೆರೆಯಿತು. 13ನೆಯ ಅನುಚ್ಛೇದವಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಾನೂನಿನ ಬಲವುಳ್ಳ ರೂಢಿ ಸಂಪ್ರದಾಯಗಳನ್ನೂ ‘ಕಾನೂನು’ ಎಂಬ ಮಾತಿನೊಳಗೆ ಸೇರಿಸಿ, ಮೂಲಭೂತ ಹಕ್ಕಿಗೆ ವಿರೋಧವಾದಷ್ಟು ಮಟ್ಟಿಗೆ ಅವು ಶೂನ್ಯವೆಂದಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ, 1976ರಲ್ಲಿ ಅದಕ್ಕೆ ದೊರೆತ ಬಿಗಿ ಮತ್ತು ನಾಗರಿಕ ಹಕ್ಕುಗಳ ಸಂರಕ್ಷಣೆಯೆಂಬ ಹೊಸ ಹೆಸರು, 1989ರ ದೌರ್ಜನ್ಯ ತಡೆ ಕಾಯಿದೆ, ಇವು ನಿಮಗೆ ತಿಳಿದವೇ.

ಇನ್ನು ನೀತಿಯ ವಿಷಯ. ಅದೂ ಹರಳಯ್ಯನ ಕಡೆಗೇ ಇದೆ. ನಮ್ಮ ಪಂಚಾಚಾರಗಳಲ್ಲಿ ಸದಾಚಾರ ಶಿವಾಚಾರಗಳಿವೆ. ಶಿವಭಕ್ತರಲ್ಲಿ ಕುಲವನ್ನೆಣಿಸಬಾರದೆಂಬುದೇ ಶಿವಾಚಾರದ ಸಾರ. ಕಾಯಿದೆಯೂ ನೀತಿಯೂ ಒಂದೇ ಮಾತನ್ನು ಹೇಳುವ ಇಂಥ ಕಾಲ ಬಸವಣ್ಣನವರಿಗೆ ದೊರೆತಿರಲಿಲ್ಲ. ಹಾಗಿದ್ದಮೇಲೆ ಏನಾಗಬೇಕಿತ್ತು, ಏನಾಗುತ್ತಿದೆ?

ದೂರ ಹೋಗುವುದು ಬೇಡ. ನಮ್ಮದೇ ಜಿಲ್ಲೆಯ, ಚಾಮರಾಜನಗರ ತಾಲ್ಲೂಕಿನ ಹೆಗ್ಗೋಠಾರ ಗ್ರಾಮದಲ್ಲಿ 2022ರ ನವೆಂಬರ್ ತಿಂಗಳಲ್ಲಿ ನಡೆದುದನ್ನು ನೀವು ಪತ್ರಿಕೆಗಳಲ್ಲಿ ಓದಿದ್ದೀರಿ. ಮದುವೆಗೆಂದು ಪರ ಊರಿನಿಂದ ಬಂದ ದಲಿತ ಮಹಿಳೆಯೊಬ್ಬರು ಬಾಯಾರಿ ಬೀದಿಯ ತೊಂಬೆಯ ನಲ್ಲಿಯಲ್ಲಿ ನೀರು ಕುಡಿದರು. ಆ ಬೀದಿ ನಮ್ಮವರ ಬೀದಿ. ಈ ಮಾತನ್ನು ನಮ್ಮ ಪತ್ರಿಕೆಯಲ್ಲಿ ಮರೆಮಾಚುವುದು ಸರಿಯಲ್ಲ. ತೊಂಬೆಯ ನೀರನ್ನೆಲ್ಲ ಹೊರಚೆಲ್ಲಿ ಗಂಜಲದಿಂದ ತೊಳೆದರು. ಸುದ್ದಿ ಹಬ್ಬಿತು. ಮೊಕದ್ದಮೆ ದಾಖಲಾಯಿತು. ತಾಲ್ಲೂಕಿನ ಅಧಿಕಾರಿಗಳು ಬಂದು ದಲಿತ ಬಂಧುಗಳನ್ನು ಕರೆದುಕೊಂಡು ನಲ್ಲಿಯಿಂದ ನಲ್ಲಿಗೆ ನಡೆದು ನೀರು ಕುಡಿಸಿದರು.

ಆ ವರದಿಯನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಜಗದೇವ ಮತ್ತು ಮಲ್ಲಿಬೊಮ್ಮ. ಕೈ ಹಿಡಿದು ಹೊಸ್ತಿಲು ದಾಟಿಸುವ ಕೆಲಸವನ್ನು ಈಗ ಸರಕಾರ ಮಾಡುತ್ತಿದೆ. ಮಾಡಬೇಕಾದ ಕೆಲಸವೇ, ಸಂದೇಹವಿಲ್ಲ. ಅಧಿಕಾರಿಗಳ ಜೀಪು ಹೋದ ಮರುದಿನ ಬೆಳಿಗ್ಗೆ ಅದೇ ನಲ್ಲಿಯ ಮುಂದೆ ಮಲ್ಲಿಬೊಮ್ಮನು ಒಬ್ಬನೇ ನಿಲ್ಲಬೇಕು. ಆಗ ಅವನ ಬಾಯಾರಿಕೆಗೂ ನೀರಿಗೂ ನಡುವೆ ಇರುವುದು ಕಾಯಿದೆಯಲ್ಲ, ಎದುರು ಜಗುಲಿಯ ಮೇಲೆ ಕುಳಿತವರ ನೋಟ. ಜಗುಲಿಯ ನೋಟಕ್ಕೆ ಯಾವ ಕಲಮು ಹಾಕುವುದು?

ಇದೇ ಬಗೆಯ ಸಂಗತಿಯೊಂದು ಹೆಗ್ಗೋಠಾರದ ಘಟನೆಗೆ ತೊಂಬತ್ತೈದು ವರ್ಷಗಳ ಮುಂಚೆಯೂ ನಡೆದಿತ್ತು. ಕೊಂಕಣ ಸೀಮೆಯ ಮಹಾಡ ಪಟ್ಟಣದ ಪುರಸಭೆಯು ತನ್ನ ಚವದಾರ ಕೆರೆ ಎಲ್ಲರಿಗೂ ಮುಕ್ತವೆಂದು 1924ರಲ್ಲಿಯೇ ನಿರ್ಣಯ ಮಾಡಿತ್ತು. ನಿರ್ಣಯ ಕಾಗದದಲ್ಲಿತ್ತು, ನೀರು ಕೆರೆಯಲ್ಲಿತ್ತು. ಅಸ್ಪೃಶ್ಯರೆನಿಸಿಕೊಂಡವರು ಆ ಕೆರೆಗಿಳಿಯುವ ಧೈರ್ಯ ಮಾಡಲಾಗಲಿಲ್ಲ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದುಹೋಗಿ ಆ ನೀರನ್ನು ಕುಡಿದರು. ಅನಂತರ ಊರಿನವರು ಕೆರೆಯನ್ನು ಸೆಗಣಿ, ಗಂಜಲ, ಹಾಲು, ಮೊಸರುಗಳಿಂದ ‘ಶುದ್ಧಿ’ ಮಾಡಿದರು. ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. ಅಸ್ಪೃಶ್ಯರನ್ನು ಕೆರೆಯಿಂದ ದೂರವಿಡುವುದು ತಮ್ಮ ಅನಾದಿ ಕಾಲದ ಸಂಪ್ರದಾಯವೆಂದು ಊರ ಪ್ರಮುಖರು ವಾದಿಸಿದರು. ಮುಂಬಯಿ ಉಚ್ಚ ನ್ಯಾಯಾಲಯವು 1937ರ ಮಾರ್ಚ್‌ನಲ್ಲಿ ತೀರ್ಪು ಕೊಟ್ಟಿತು. ಆ ಸಂಪ್ರದಾಯ ಅನಾದಿಯೆಂಬುದನ್ನು ವಾದಿಗಳು ರುಜುವಾತುಪಡಿಸಲಿಲ್ಲ ಎಂದು ಅವರ ದಾವೆ ನಿಲ್ಲಲಿಲ್ಲ.

ಈ ತೀರ್ಪನ್ನು ನಾನು ಆಗಾಗ ನೆನೆಯುತ್ತೇನೆ. “ಹಿಂದಿನಿಂದ ನಡೆದುಬಂದದ್ದು” ಎಂಬ ಒಂದು ಮಾತಿನ ಮೇಲೆ ನಮ್ಮೂರುಗಳಲ್ಲಿ ಎಷ್ಟು ವ್ಯವಹಾರ ನಿಂತಿದೆ! ಎಷ್ಟು ಹಿಂದಿನಿಂದ ಎಂದು ಯಾರೂ ಕೇಳುವುದಿಲ್ಲ. ನಲ್ಲಿ ನೀರಿನ ತೊಂಬೆ ನಮ್ಮ ಹಳ್ಳಿಗಳಿಗೆ ಬಂದದ್ದು ನಮ್ಮ ಕಣ್ಣೆದುರಿಗೆ, ನಿನ್ನೆ ಮೊನ್ನೆ. ಅದಕ್ಕೆ ಅನಾದಿ ಸಂಪ್ರದಾಯ ಅಂಟಿಕೊಂಡದ್ದು ಎಂದು? ಸಿಮೆಂಟು ಆರುವುದಕ್ಕೆ ಮೊದಲೇ ಅಂಟಿಕೊಂಡಿತೇ?

ವಾಡಿಕೆಯ ಶಕ್ತಿಯಿರುವುದು ಇಲ್ಲಿಯೇ. ಕಾಯಿದೆಗೆ ಬರೆದವರಿದ್ದಾರೆ, ದಿನಾಂಕವಿದೆ. ಅದನ್ನು ಪ್ರಶ್ನಿಸಬಹುದು, ತಿದ್ದಬಹುದು. ನೀತಿಯನ್ನು ಹೇಳಿದವರಿದ್ದಾರೆ, ಅವರೊಡನೆ ವಾದಿಸಬಹುದು. ವಾಡಿಕೆಗೆ ಕರ್ತೃವೇ ಇಲ್ಲ. ತೊಂಬೆಯನ್ನು ತೊಳೆದವರಾರೆಂದು ಕೇಳಿದರೆ ‘ಊರು’ ತೊಳೆಯಿತೆನ್ನುತ್ತಾರೆ. ಕುಲದ ಯಜಮಾನರು ದಂಡ ಹಾಕಿದಾಗಲೂ, ಒಂದು ಮನೆಯೊಡನೆ ಮಾತುಕತೆ, ಕೊಡುಕೊಳ್ಳುವಿಕೆ ನಿಲ್ಲಿಸಿದಾಗಲೂ ಅದನ್ನು ಮಾಡುವುದು ಊರೇ. ಊರೆಂದರೆ ಯಾರೆಂದು ಹುಡುಕಹೊರಟರೆ ಪ್ರತಿಯೊಬ್ಬನೂ ಪಕ್ಕದ ಮನೆಯನ್ನು ತೋರಿಸುತ್ತಾನೆ. ಹಕ್ಕುಗಳನ್ನು ಕಾಯುವುದು ಕಾನೂನೊಂದೇ ಅಲ್ಲ, ಸಮಾಜದ ನೈತಿಕ ಮನಸ್ಸಾಕ್ಷಿ; ಅದು ಒಪ್ಪದಿದ್ದರೆ ಯಾವ ಕಾನೂನೂ ಹಕ್ಕನ್ನು ಉಳಿಸಲಾರದು ಎಂಬ ಅಭಿಪ್ರಾಯವನ್ನು ಅಂಬೇಡ್ಕರರು 1943ರಲ್ಲಿ ರಾನಡೆಯವರನ್ನು ಕುರಿತ ಪುಣೆಯ ಭಾಷಣದಲ್ಲಿ ಹೇಳಿದ್ದರು. ಸಂವಿಧಾನದ ಕರಡನ್ನು ಬರೆಯುವ ಹೊಣೆ ಅವರ ಮೇಲೆ ಬಿದ್ದದ್ದು ಅದಕ್ಕೆ ನಾಲ್ಕು ವರ್ಷಗಳ ಮೇಲೆ. ಕಾನೂನಿನ ಮಿತಿಯನ್ನು ತಿಳಿದೂ ಅವರು ಕಾನೂನನ್ನು ಬರೆದರು. ಮಿತಿಯಿದೆಯೆಂದು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಇದನ್ನು ಏಕೆ ಹೇಳುತ್ತೇನೆಂದರೆ, “ಮನಸ್ಸು ಬದಲಾಗಬೇಕು, ಕಾಯಿದೆಯಿಂದೇನಾಗುತ್ತದೆ?” ಎಂದು ನಮ್ಮ ಹಿರಿಯರು ಕೆಲವರು ಗಂಭೀರವಾಗಿ ನುಡಿಯುವುದನ್ನು ಕೇಳಿದ್ದೇನೆ. ಕಾಯಿದೆಯಿಲ್ಲದಿದ್ದರೆ ಹೆಗ್ಗೋಠಾರದ ಸುದ್ದಿ ಹೊರಗೇ ಬರುತ್ತಿರಲಿಲ್ಲ ಎಂಬುದನ್ನು ಅವರು ಮರೆಯುತ್ತಾರೆ. ಮನಸ್ಸು ಬದಲಾಗಲಿ ಎನ್ನುವವರು ಯಾರ ಮನಸ್ಸೆಂದೂ ಎಷ್ಟರೊಳಗೆಂದೂ ಹೇಳುವುದಿಲ್ಲ.

ಶಿವಾಚಾರವು ಲಿಂಗಧಾರಿಗಳ ನಡುವಿನ ಮಾತು, ಹೊರಗಿನವರಿಗೆ ಅನ್ವಯಿಸದು ಎನ್ನುವ ಇನ್ನೊಂದು ವಾದವೂ ಉಂಟು. ಹರಳಯ್ಯನು ಹುಟ್ಟುವಾಗ ಹೊರಗಿನವನೇ ಆಗಿದ್ದನೆಂಬುದನ್ನು ನೆನಪಿಸಿದರೆ ಆ ವಾದಕ್ಕೆ ಸಾಕು.

ವಾಚಕರೇ, ನಿಮ್ಮಲ್ಲಿ ಅನೇಕರು ನನ್ನಂತೆಯೇ ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು. ಒಂದೇ ಸಾಲಿನಲ್ಲಿ ಕುಳಿತು, ಯಾರ ಪಕ್ಕ ಯಾರೆಂದು ನೋಡದೆ ಉಂಡೆವು. ಆ ಸಾಲಿನಲ್ಲಿ ನನ್ನ ಪಕ್ಕ ಕುಳಿತು ಉಣ್ಣುತ್ತಿದ್ದ ದಲಿತ ಗೆಳೆಯನನ್ನು ಒಂದು ಬೇಸಿಗೆಯಲ್ಲಿ ನಾನು ಹಂಗಳಕ್ಕೆ ಕರೆದುಕೊಂಡು ಬಂದೆ. ಗೋಪಾಲಸ್ವಾಮಿ ಬೆಟ್ಟವನ್ನು ತೋರಿಸುವುದು ನಮ್ಮ ಉದ್ದೇಶ. ನಮ್ಮವ್ವ ಅಕ್ಕರೆಯಿಂದಲೇ ಮಾತನಾಡಿಸಿದಳು. ಅವರ ಊರಿನ ಮಳೆ ಬೆಳೆ ವಿಚಾರಿಸಿದಳು. ಜಗುಲಿಯ ಮೇಲೆ ಊಟಕ್ಕಿಟ್ಟಳು. ಊಟವಾದ ಮೇಲೆ ಅವನು, ಯಾರೂ ಹೇಳದೆ, ತನ್ನ ತಟ್ಟೆ ಲೋಟಗಳನ್ನು ತಾನೇ ತೊಳೆದು ಜಗುಲಿಯ ಮೂಲೆಯಲ್ಲಿ ಬೋರಲು ಹಾಕಿದನು. ನನ್ನ ತಟ್ಟೆಯನ್ನು ಅವ್ವ ಒಳಗೆ ಎತ್ತಿಕೊಂಡು ಹೋದಳು. ನಾನು ಏನೂ ಹೇಳಲಿಲ್ಲ. ಅವನೂ ಏನೂ ಹೇಳಲಿಲ್ಲ. ಮರುದಿನ ಬೆಟ್ಟ ಹತ್ತುವಾಗ ನಾವಿಬ್ಬರೂ ಪರೀಕ್ಷೆಯ ವಿಷಯ ಮಾತನಾಡಿದೆವು.

ನಮ್ಮವ್ವ ಕಾಯಿದೆ ಮುರಿದಳೇ? ಅವಳು ಯಾವ ಮಾತನ್ನೂ ಆಡಿರಲಿಲ್ಲ. ನೀತಿಗೆಟ್ಟವಳೇ? ಹಸಿದು ಬಂದವರನ್ನು ಬರಿಹೊಟ್ಟೆಯಲ್ಲಿ ಕಳುಹಿಸಿದವಳೇ ಅಲ್ಲ. ಆದರೂ ಆ ಲೋಟ ಬೋರಲಾಗಿ ಬಿದ್ದಿತ್ತು. ‘ತಲೆದಂಡ’ದ ಆ ತಾಯಿಯನ್ನು ಓದಿದಾಗಲೆಲ್ಲ ನನಗೆ ನಮ್ಮ ಜಗುಲಿಯೇ ಕಾಣುತ್ತದೆ. ನಾನು ನೋಡಿದ ಪ್ರಯೋಗದಲ್ಲಿ ಆಕೆಯ ಮಾತುಗಳು ಕಾಣೆಯಾದುದು ನನ್ನನ್ನು ಅಷ್ಟು ಕಾಡಿದುದಕ್ಕೆ ಇದೂ ಒಂದು ಕಾರಣವಿದ್ದೀತು.

ಕನ್ನಡದಲ್ಲಿ ಒಂದು ವಿಚಿತ್ರವಿದೆ. ‘ಆಚಾರ’ವೆಂಬ ಒಂದೇ ಮಾತು ಎರಡಕ್ಕೂ ಸಲ್ಲುತ್ತದೆ. ಪಂಚಾಚಾರದ ಆಚಾರವೂ ಅದೇ, “ನಮ್ಮ ಮನೆಯ ಆಚಾರ” ಎಂದು ಅಜ್ಜಿ ಹೇಳುವ ಆಚಾರವೂ ಅದೇ. ಶರಣರು ಹಳೆಯ ಮಾತನ್ನು ಬಿಸುಡದೆ ಅದರ ಮುಂದೆ ‘ಸತ್’ ಎಂಬುದನ್ನು ಸೇರಿಸಿದ ಆ ನಡೆಯನ್ನೇ ತಮ್ಮ ಅಂಗಗಳಲ್ಲಿ ಒಂದಾಗಿ ಒಪ್ಪಿಕೊಂಡರು. ನಾವು ಸದಾಚಾರವೆಂದು ವೇದಿಕೆಯ ಮೇಲೆ ಹೇಳುತ್ತೇವೆ. ಮನೆಗೆ ಬರುವ ದಾರಿಯಲ್ಲಿ ಆ ಮುಂದಿನ ಅಕ್ಷರ ಎಲ್ಲಿಯೋ ಬಿದ್ದುಹೋಗಿರುತ್ತದೆ.

ನಮ್ಮ ಭಾಗದ ಕೆಲವು ತರುಣರು ಬರುವ ಜಾತ್ರೆಗೆ ‘ತಲೆದಂಡ’ವನ್ನೇ ಆಡಬೇಕೆಂದು ಯೋಚಿಸಿದ್ದಾರೆ, ಸಲಹೆ ಕೇಳಲು ನನ್ನಲ್ಲಿಗೆ ಬಂದಿದ್ದರು. ಉದ್ದ ಹೆಚ್ಚಾಯಿತೆಂದು ಕತ್ತರಿಸುವುದಾದರೆ ಅರಮನೆಯ ಒಳಜಗಳಗಳಲ್ಲಿ ಎಷ್ಟು ಬೇಕಾದರೂ ಕತ್ತರಿಸಿರಿ, ಮೊದಲ ದೃಶ್ಯದ ಹೊಸ್ತಿಲನ್ನೂ ಆ ತಾಯಿಯ ಮಾತುಗಳನ್ನೂ ಮುಟ್ಟಬೇಡಿರಿ ಎಂದೆ. ಮಲ್ಲಿಬೊಮ್ಮನ ಪಾತ್ರಧಾರಿ ಹೊಸ್ತಿಲ ಮುಂದೆ ಸಾಕಷ್ಟು ಹೊತ್ತು ನಿಲ್ಲಲಿ. ಜನ ಬೇಸರಪಟ್ಟುಕೊಂಡರೂ ನಿಲ್ಲಲಿ. ತಾಯಿಯ ಪಾತ್ರವನ್ನು ನಗಿಸುವಂತೆಯೂ ಆಡಬಾರದು, ಖಳಳಂತೆಯೂ ಆಡಬಾರದು. ಆಕೆಗೆ ಬಣ್ಣ ಕಡಿಮೆ ಹಚ್ಚಿ, ನಮ್ಮ ಮನೆಗಳಲ್ಲಿ ಉಡುವ ಸಾದಾ ಸೀರೆಯನ್ನೇ ಉಡಿಸಿ ಎಂದು ಹೇಳಿ ಕಳುಹಿಸಿದೆ. ಆ ಪಾತ್ರಕ್ಕೆ ಇನ್ನೂ ಯಾರೂ ಮುಂದೆ ಬಂದಿಲ್ಲವಂತೆ.